ಪತ್ರಿಕೆಗೆ ತಾರೀಖು ಗೊತ್ತು, ಕಟ್ಟೆಗೆ ಊರು ಗೊತ್ತು

ಕಲಬುರಗಿಯ ಚರಿತ್ರೆ ಎಂದ ಕೂಡಲೇ ಜನ ಕಿಲ್ಲೆಯ ಕಡೆ ಕೈ ತೋರಿಸುತ್ತಾರೆ. 1347ರಲ್ಲಿ ಹಸನ್ ಬಹಮನ್ ಷಾ ಇಲ್ಲಿ ಕಟ್ಟಿದ ರಾಜಧಾನಿ, 1367ರ ಜಾಮಿ ಮಸೀದಿ, ಹಫ್ತ್ ಗುಂಬಜ್, ಬಂದೇ ನವಾಜರ ದರ್ಗಾ, ಇನ್ನೂ ಹಿಂದಕ್ಕೆ ಹೋದರೆ ಮಳಖೇಡ, ಸನ್ನತಿ. ಕಲ್ಲಿನಲ್ಲಿ ಉಳಿದ ಚರಿತ್ರೆಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ನಾನು ಈ ಸಲ ಹೋದದ್ದು ಕಾಗದದಲ್ಲಿ ಮತ್ತು ಬಾಯಲ್ಲಿ ಉಳಿದದ್ದನ್ನು ಹುಡುಕಿಕೊಂಡು. ಗಿರಣಿ, ರೈಲು, ಬರಗಾಲ, ನಿಜಾಮರ ಪರ ಆಯುಧ ಹಿಡಿದ ರಜಾಕಾರರ ಕಾಲ, ಜಿಲ್ಲೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸೇರಿದ್ದು, ಇವೆಲ್ಲ ನಡೆದು ಬಹಳ ಕಾಲವಾಗಿಲ್ಲ. ಆದರೂ ಬಹಮನಿ ಸುಲ್ತಾನರ ಇಸವಿಗಳು ಬಾಯಿಪಾಠ ಇರುವವರಿಗೆ ತಮ್ಮ ಮುತ್ಯಾನ ಕಾಲದ ಸಂಗತಿ ಮಸುಕು ಮಸುಕು.

ಮೊದಲು ಹಿಡಿದದ್ದು ಗ್ರಂಥಾಲಯದ ದಾರಿ. ಹಳೆಯ ಪತ್ರಿಕೆಗಳನ್ನು ತಿಂಗಳು ತಿಂಗಳಿಗೆ ಹೊಲಿದು ರಟ್ಟು ಹಾಕಿದ ಸಂಪುಟಗಳು. ಬಿಡಿಸಿದರೆ ಅಂಚು ಪುಡಿಯಾಗಿ ಮಡಿಲಿಗೆ ಉದುರುತ್ತದೆ. 1993ರ ಸೆಪ್ಟೆಂಬರ್ 30ರ ಹಾಳೆಯನ್ನು ಬೇಕೆಂದೇ ತೆಗೆದೆ. ಅಂದು ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಆ ಬೆಳಗಿನ ಪತ್ರಿಕೆಯಲ್ಲಿ ಅದರ ಸುಳಿವೇ ಇಲ್ಲ. ಅದು ಅಚ್ಚಾಗಿ ಹೊರಟ ಮೇಲೆ ನೆಲ ಅದುರಿತ್ತು. ಮರುದಿನದ ಹಾಳೆಯಿಂದ ಮುಂದೆ ಪುಟಗಟ್ಟಲೆ ಕಿಲ್ಲಾರಿ. ಪಕ್ಕದಲ್ಲಿ ಕೂತು ಅಂದಿನ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ಇಣುಕಿ ನೋಡಿ, "ಅವತ್ತ ಗಣಪತಿ ಕಳಿಸಿ ಬಂದು ಆಗ್ಯಾ ಮಲಗಿದ್ವಿರಿ. ಮಾಡದಾಗಿನ ಗಡಿಗಿ ಉರುಳಿ ಬಿದ್ದವು. ಬೆಕ್ಕು ಅಂದ್ಕೊಂಡು ಬೈದಾಳ ನಮ್ಮಾಕಿ" ಎಂದರು. ಅಲ್ಲಿಂದ ಎಷ್ಟೋ ರಾತ್ರಿ ಓಣಿಗೆ ಓಣಿಯೇ ಹೊರಗೆ ಮಲಗಿದ್ದನ್ನೂ ಹೇಳಿದರು. ಆ ಸಂಪುಟದಲ್ಲಿ ನನಗೆ ಕಲಬುರಗಿಯ ಓಣಿ ಸಿಗಲಿಲ್ಲ. ಸುದ್ದಿಗಾರರೆಲ್ಲ ಕಿಲ್ಲಾರಿಯಲ್ಲಿದ್ದರು, ಇರಬೇಕಾದದ್ದೂ ಅಲ್ಲೇ.

ಮುಖಪುಟ ದೊಡ್ಡವರ ಪ್ರವಾಸಕ್ಕೆ ಮೀಸಲು. ಜಿಲ್ಲೆಯ ಬದುಕು ಬೇಕಿದ್ದರೆ ಒಳಪುಟದ ಸಣ್ಣಕ್ಷರಕ್ಕೆ ಬರಬೇಕು. ನೆಹರೂ ಗಂಜಿನ ಧಾರಣೆಯಲ್ಲಿ ತೊಗರಿ, ಜೋಳ, ಕುಸುಬೆಯ ಏರಿಳಿತವಿದೆ. ಟೆಂಡರು ಪ್ರಕಟಣೆಯಲ್ಲಿ ಯಾವ ಊರಿಗೆ ಯಾವ ವರ್ಷ ರಸ್ತೆ ಬಂತು ಎಂಬುದಿದೆ. ಕೋರ್ಟು ನೋಟೀಸಿನಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಂಡದ್ದು, ನಿಧನ ವಾರ್ತೆಯಲ್ಲಿ ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿತ್ತು ಎಂಬುದು. ಸಂಪಾದಕರು ಚರಿತ್ರೆಗೆಂದು ಬರೆದದ್ದಕ್ಕಿಂತ ಜಾಗ ತುಂಬಲು ಹಾಕಿದ್ದೇ ಇಂದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಿಂದೆ ಹಿಂದೆ ಹೋದಂತೆ ಕನ್ನಡದ ಹಾಳೆ ಕಡಿಮೆಯಾಗುತ್ತದೆ. 1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕಲಬುರಗಿ ಒಂದು ಸುಬಾದ, ಅಂದರೆ ವಿಭಾಗದ, ಕೇಂದ್ರ. ಇಲ್ಲಿ ಸುಬೇದಾರ, ಜಿಲ್ಲೆಗೆ ಅವಲ್ ತಾಲೂಕದಾರ, ಅಂದರೆ ಕಲೆಕ್ಟರ್. 1880ರ ದಶಕದಲ್ಲಿ ಫಾರಸಿ ಹೋಗಿ ಉರ್ದು ಆಡಳಿತ ಭಾಷೆಯಾಯಿತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲೇ ಕಲಿಸಿತು. ಹೀಗಾಗಿ ಸರಕಾರದ ಜರೀದಾ, ಅಂದರೆ ಗೆಜೆಟ್ಟು, ಉರ್ದು. ದೊಡ್ಡ ಪತ್ರಿಕೆಗಳೂ ಉರ್ದು. ಕುಲಕರ್ಣಿಯ ದಫ್ತರದಲ್ಲಿ ಮೋಡಿ ಲಿಪಿ. ಕನ್ನಡದ ಸುದ್ದಿ ಬೇಕೆಂದವರು ಗಡಿಯಾಚೆಯ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕಡೆ ನೋಡುತ್ತಿದ್ದರು. ಸಾರ್ವಜನಿಕ ಸಭೆ ನಡೆಸಲು ಮೊದಲೇ ಅನುಮತಿ ಪಡೆಯಬೇಕೆನ್ನುವ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆ ಕೂಡ ಆ ಕಾಲದ್ದೇ. ಅಂಥ ಸಂಸ್ಥಾನದಲ್ಲಿ 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಸಿದ ಕಲಬುರಗಿಯವರ ಎದೆಗಾರಿಕೆ ಸಣ್ಣದಲ್ಲ.

ರೋಜಾ ಬಡಾವಣೆಯ ಮನೆಯೊಂದರಲ್ಲಿ ನಿವೃತ್ತ ಮಾಸ್ತರರೊಬ್ಬರು ಹಳೆಯ ಉರ್ದು ಪತ್ರಿಕೆಗಳ ಗಂಟು ಇಟ್ಟುಕೊಂಡಿದ್ದಾರೆ. ಹೆಚ್ಚಿನವು 1949ರಲ್ಲಿ ಹೈದರಾಬಾದಿನಲ್ಲಿ ಶುರುವಾದ 'ಸಿಯಾಸತ್'ನವು. ಕೆಲವು ಅದಕ್ಕೂ ಹಿಂದಿನ ಬಿಡಿ ಹಾಳೆಗಳು. ಅವರು ಓದಿ ಕನ್ನಡದಲ್ಲಿ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ನಿಜಾಮಶಾಹಿಯ ಕಾಗದ ಓದುವವರಿಗೆ ಎರಡು ಲೆಕ್ಕ ಬರಬೇಕು ಎಂದರು. ಒಂದು ಫಸಲಿ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಅದು ಶುರುವಾದ ಇಸವಿ ಸಿಗುತ್ತದೆ. ವರ್ಷ ಶುರುವಾಗುವುದು ಅಕ್ಟೋಬರಿನಲ್ಲಿ, ಮೊದಲ ತಿಂಗಳು ಆಜುರ್, ಕೊನೆಯದು ಆಬಾನ್. ಆ ಪ್ರಕಾರ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ನಡೆದದ್ದು 1357ನೇ ಫಸಲಿ ಮುಗಿಯಲು ಬಂದಾಗ. ಇನ್ನೊಂದು ಹಾಲಿ ಸಿಕ್ಕಾ. ನಿಜಾಮರದು ಬೇರೆಯೇ ರೂಪಾಯಿ. ಏಳು ಹಾಲಿ ರೂಪಾಯಿಗೆ ಬ್ರಿಟಿಷರ ಆರು ಕಲ್ದಾರ. ಇದು ಗೊತ್ತಿಲ್ಲದೆ ಹಳೆಯ ಧಾರಣೆ ಓದಿದರೆ ಸೊಲ್ಲಾಪುರದ ತೊಗರಿಗೂ ಕಲಬುರಗಿಯ ತೊಗರಿಗೂ ಇಲ್ಲದ ಅಂತರ ಕಂಡೀತು.

ಉರ್ದು ಪತ್ರಿಕೆ ಎಂದರೆ ನಿಜಾಮರ ತುತ್ತೂರಿ ಎಂಬ ಭಾವನೆ ನಮ್ಮಲ್ಲಿದೆ. ಮಾಸ್ತರರು ಅದನ್ನು ಒಪ್ಪುವುದಿಲ್ಲ. ಸಂಸ್ಥಾನ ಭಾರತಕ್ಕೆ ಸೇರಬೇಕೆಂದು 'ಇಮ್ರೋಜ್' ಎಂಬ ಉರ್ದು ಪತ್ರಿಕೆಯಲ್ಲಿ ಬರೆದ ಸಂಪಾದಕ ಶೋಯಬುಲ್ಲಾ ಖಾನರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಂದರು. ಕೈ ಕಡಿದು ಕೊಂದರು. ಕನ್ನಡದಲ್ಲಷ್ಟೇ ಓದಿದವರಿಗೆ ಈ ಹೆಸರು ಸಿಗುವುದು ಅಪರೂಪ.

ಕಲಬುರಗಿಯ ಸುದ್ದಿ ಹೊರಗಿನ ಪತ್ರಿಕೆಯಲ್ಲಿ ಬರುವ ಕ್ರಮ ಬಹಳ ಹಳೆಯದು. ಆಗ ಕಲಬುರಗಿ ಸೀಮೆಯದೇ ಆಗಿ ಈಗ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ಜನರ ಬಾಯಲ್ಲಿ ಮಹಾದೇವ ಬಾಬಾ, 1840ರಿಂದ ಹದಿಮೂರು ವರ್ಷ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಸುದ್ದಿ ಬರೆದ. 1860ರಲ್ಲಿ ದೇಶ ಬಿಟ್ಟು ಐರ್ಲೆಂಡಿನ ಡಬ್ಲಿನ್ನಿನಲ್ಲಿ ನೆಲೆಸಿದ ಮೇಲೆ, ಜೇವರ್ಗಿಯ ಹತ್ತಿರ ತಾನು ಅಗೆಸಿದ ಶಿಲಾಸಮಾಧಿಗಳ ವಿಷಯವನ್ನು ಅಲ್ಲಿನ ರಾಯಲ್ ಐರಿಷ್ ಅಕಾಡೆಮಿಯ ಮುಂದೆ ಮಂಡಿಸಿದ. ಐರ್ಲೆಂಡಿನ ಹಳೆಯ ಕಲ್ಗೋರಿಗಳಿಗೂ ಭೀಮಾತೀರದ ಕಲ್ಗೋರಿಗಳಿಗೂ ಹೋಲಿಕೆ ಹುಡುಕುವುದು ಅವನ ಹಟ. ಅವನ ವಾದ ಇಂದು ನಿಲ್ಲುವುದಿಲ್ಲ, ಆದರೆ ಅಗೆತದ ವಿವರ ನಿಂತಿದೆ.

ಐರ್ಲೆಂಡಿನ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲೇ, ಡಬ್ಲಿನ್ನಿನ ಸರಕಾರಿ ದಾಖಲೆ ಭಂಡಾರ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳು ಬಹುಪಾಲು ಬೂದಿಯಾದವು. ಆಮೇಲೆ ಅಲ್ಲಿ ತಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಚರಿತ್ರೆ ಬರೆಯಹೊರಟವರಿಗೆ ಉಳಿದ ಆಸರೆಗಳಲ್ಲಿ ದೊಡ್ಡದು ಊರ ಪತ್ರಿಕೆ, ಚರ್ಚಿನ ದಾಖಲೆ, ಗೋರಿಕಲ್ಲು ಮತ್ತು ಹಿರಿಯರ ಮಾತು. ನಮ್ಮ ಕಾಗದ ಸುಟ್ಟಿಲ್ಲ. ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ನಿಜಾಮಶಾಹಿಯ ದಾಖಲೆ ರಾಶಿ ರಾಶಿ ಇದೆ. ಆದರೆ ಅದು ಇನ್ನೊಂದು ರಾಜ್ಯದಲ್ಲಿದೆ, ನಮ್ಮ ಮಕ್ಕಳು ಓದದ ಲಿಪಿಯಲ್ಲಿದೆ.

ಪೊಲೀಸ್ ಕಾರ್ಯಾಚರಣೆ ಮುಗಿದ ದಿನವಾದ ಸೆಪ್ಟೆಂಬರ್ 17ರ ಆಸುಪಾಸು ಕಲಬುರಗಿಯಲ್ಲಿ ನಿಜಾಮರ ಆಳ್ವಿಕೆಯಿಂದಾದ ವಿಮೋಚನೆಯ ಬಗ್ಗೆ ಭಾಷಣಗಳು ಸಾಲುಸಾಲು. ಮಾತು ಕೇಳುವ ಅಭ್ಯಾಸ ಈ ಊರಿಗೆ ಮೊದಲಿನಿಂದಲೂ ಇದೆ. ಶ್ರಾವಣದಲ್ಲಿ ಶರಣಬಸವೇಶ್ವರ ಸಂಸ್ಥಾನದ ಉಪನ್ಯಾಸಕ್ಕೆ ಮನೆಮಂದಿಯೆಲ್ಲ ಹೋಗುವವರಿದ್ದಾರೆ. ನಾನು ಕೂತದ್ದು ಕನ್ನಡ ಭವನದ ಒಂದು ಸಭೆಯಲ್ಲಿ. ಉಪನ್ಯಾಸಕರು ವಿಮೋಚನಾ ಹೋರಾಟದ ಮುಂದಾಳುಗಳಾದ ಸ್ವಾಮಿ ರಾಮಾನಂದ ತೀರ್ಥರು, ಸರದಾರ್ ಶರಣಗೌಡ ಇನಾಮದಾರರು, ಹೋರಾಟಗಾರರ ಗಡಿ ಶಿಬಿರಗಳು, 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಗೋರಟಾ ಹತ್ಯಾಕಾಂಡ ಎಲ್ಲವನ್ನೂ ಕ್ರಮವಾಗಿ ಹೇಳಿದರು. ನಿಜವಾದ ಮಾತು ಶುರುವಾದದ್ದು ಸಭೆ ಮುಗಿದ ಮೇಲೆ, ಹೊರಗೆ ಸುಸಲಾ ಮತ್ತು ಮಿರ್ಚಿ ಭಜಿಯ ತಟ್ಟೆ ಹಿಡಿದಾಗ. "ಶರಣಗೌಡರ ಹೆಸರ ಎಲ್ಲಾರೂ ಹೇಳ್ತಾರ. ಕ್ಯಾಂಪಿಗಿ ರಾತ್ರಿ ರೊಟ್ಟಿ ಗಂಟ ಒಯ್ದು ಮುಟ್ಟಿಸಿದವ್ರ ಹೆಸರ ಯಾರ ಹೇಳ್ತಾರ್ರಿ?" ಎಂದು ಒಬ್ಬರು. "ನಮ್ಮ ಕಾಕಾನ ಹೆಸರ ಪಿಂಚಣಿ ಪಟ್ಟಿದಾಗ ಬರಲೇ ಇಲ್ಲ" ಎಂದು ಇನ್ನೊಬ್ಬರು.

ಅದೇ ಸಂಜೆ ರೋಜಾದ ಮಾಸ್ತರರ ಮನೆಯಲ್ಲಿ 1948 ಬೇರೆಯೇ ಬಣ್ಣದಲ್ಲಿ ಬಂತು. ಸೆಪ್ಟೆಂಬರ್ 17ಕ್ಕೆ ಮುಗಿದ ಕತೆ ನಮಗೆ ಗೊತ್ತು. ಆಮೇಲಿನ ವಾರಗಳ ಕತೆ ಅವರ ಮನೆಯಲ್ಲಿದೆ. ಸರಕಾರ ಆಗ ಪಂಡಿತ್ ಸುಂದರಲಾಲರ ನೇತೃತ್ವದಲ್ಲಿ ಕಳಿಸಿದ ತಂಡ, ಮುಸ್ಲಿಮರ ಮೇಲೆ ಹೆಚ್ಚು ಹಿಂಸೆ ನಡೆದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯನ್ನೂ ಬೀದರನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಗೋರಟಾದ ದುಃಖ ಕೇಳಿ ಬಂದವರು ರೋಜಾದ ದುಃಖ ಕೇಳದೆ ಹೋದರೆ, ಅಥವಾ ರೋಜಾದವರು ಗೋರಟಾದ್ದನ್ನು ಕೇಳದಿದ್ದರೆ, ಜಿಲ್ಲೆಯ ಚರಿತ್ರೆ ಎರಡು ಓಣಿಗಳ ದೂರು ಆಗಿಯೇ ಉಳಿಯುತ್ತದೆ. ಒಂದೇ ಕಟ್ಟೆಯಲ್ಲಿ ಕೂತು ಕೇಳಿದ ಮಾತು, ಎಷ್ಟೇ ಖರೆ ಇದ್ದರೂ, ಪೂರ್ತಿ ಸಾಕ್ಷಿಯಲ್ಲ.

ಮರುದಿನ ಕಮಲಾಪುರದ ಬಸ್ಸು. ಹುಮನಾಬಾದ್ ರಸ್ತೆಯಲ್ಲಿ ಸುಮಾರು ಮೂವತ್ತೈದು ಕಿಲೋಮೀಟರು. ನಗರ ದಾಟಿದರೆ ಕಪ್ಪು ನೆಲ, ಕಣ್ಣು ಹರಿದಷ್ಟು ದೂರ ತೊಗರಿ. ಮಹಾಗಾಂವ್ ಕ್ರಾಸಿನಲ್ಲಿ ಅರ್ಧ ಬಸ್ಸು ಖಾಲಿಯಾಗಿ ಮತ್ತೆ ತುಂಬಿತು. ಮುಂದೆ ಹೊಳಕುಂದಾದಲ್ಲಿ ಬಹಮನಿ ಕಾಲದ ಗುಮ್ಮಟಗಳು ಹೊಲಗಳ ನಡುವೆ ನಿಂತಿವೆ. ಅಲ್ಲಿಂದ ನೆಲ ಏರುತ್ತದೆ, ಮಣ್ಣು ಕೆಂಪಗಾಗುತ್ತದೆ, ಗುಡ್ಡಗಳ ನಡುವಿನ ತಗ್ಗಿನಲ್ಲಿ ಬಾಳೆ ಕಾಣುತ್ತದೆ. ಕಮಲಾಪುರ ಕಲಬುರಗಿ ತಾಲೂಕಿನ ಒಂದು ಊರಾಗಿಯೇ ಇತ್ತು. 2017ರ ಬಜೆಟ್ಟಿನಲ್ಲಿ ಘೋಷಿಸಿದ ಹೊಸ ತಾಲೂಕುಗಳ ಪಟ್ಟಿಯಲ್ಲಿ ಕಾಳಗಿ, ಯಡ್ರಾಮಿ, ಶಹಾಬಾದ್ ಜೊತೆಗೆ ಇದರ ಹೆಸರೂ ಬಂತು. ಅದೇ ವರ್ಷ ಅಕ್ಟೋಬರ್ 29ರಂದು ಈ ಊರ ಮೇಲೆ ಹಾಯುವ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. ಪತ್ರಿಕೆಗಳಲ್ಲಿ ಕಮಲಾಪುರ ಹುಡುಕಿದರೆ ಮುಖ್ಯವಾಗಿ ಸಿಗುವುದು ಈ ಎರಡು, ಇವಲ್ಲದೆ ಹೆದ್ದಾರಿಯ ಅಪಘಾತಗಳು ಮತ್ತು ಕೆಂಪು ಬಾಳೆ.

ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ ಸುದ್ದಿ ಎಲ್ಲ ಕಡೆ ಬಂದಿದೆ. ಅದನ್ನು ಬೆಳೆಯುವವರು ಯಾಕೆ ಕಡಿಮೆಯಾದರು ಎಂಬುದನ್ನು ತೋಟದಲ್ಲೇ ಕೇಳಬೇಕು. "ಗೊನಿ ಬರಾಕ, ಕಡ್ಯಾಕ ವರ್ಷ ಒಂದೂವರಿ ಬೇಕ್ರಿ. ಬ್ಯಾರೆ ಬಾಳಿ ವರ್ಷದಾಗ ರೊಕ್ಕ ಕೊಡ್ತದ. ಅಷ್ಟ ದಿನ ನೀರ ಎಲ್ಲಿಂದ ತರದು? ನಮ್ಮ ಮುತ್ಯಾ ಹಚ್ಚಿದ್ದ ಅಂತ ನಾ ನಾಕ ಸಾಲ ಉಳಿಸೀನಿ" ಎಂದರು ಬೆಳೆಗಾರರು. ಮುತ್ಯಾನ ಕಾಲಕ್ಕೆ ಸಸಿ ಎಲ್ಲಿಂದ ಬಂತು ಎಂದು ಕೇಳಿದೆ. ಮೂವರು ಮೂರು ಊರು ಹೇಳಿದರು. ಮೂರನ್ನೂ ಬರೆದುಕೊಂಡೆ.

ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುತ್ಯಾ ಎಂಬತ್ತೈದು ದಾಟಿದವರು. "ತಾರೀಖ ಗೀರೀಖ ನಮಗೇನ ಗೊತ್ರಿ. ರಜಾಕಾರರ ವರ್ಷ ನಾ ಎಮ್ಮಿ ಕಾಯ್ತಿದ್ದೆ. ತೊಗರಿ ಟೊಂಕದ ಮಟ ಬಂದಿತ್ತು. ಹುಮನಾಬಾದ ಕಡಿಂದ ಗುಡುಗಿದಂಗ ಸಪ್ಪಳ. ಮುಗಲದಾಗ ಮೋಡ ಇದ್ದಿಲ್ಲ" ಎಂದರು. ಪಕ್ಕದಲ್ಲಿದ್ದ ಅವರ ಸಂಗಡಿಗ ತಡೆದರು: "ಇಂವ ಏನೂ ಕೇಳಿಲ್ರಿ. ಹುಮನಾಬಾದಿಂದ ಓಡಿ ಬಂದವ್ರು ಹೇಳಿದ್ದು ಕೇಳ್ಯಾನ." ಇಬ್ಬರಿಗೂ ಜಗಳವೇ ಆಯಿತು. ಅಲ್ಲಿ ಕಾಗದ ಕೆಲಸಕ್ಕೆ ಬಂತು. 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದಿಂದ ಹೊರಟ ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಸೇನೆ ನಳದುರ್ಗ, ಹುಮನಾಬಾದ್, ಜಹೀರಾಬಾದ್ ಹಾದಿಯಲ್ಲೇ ಹೈದರಾಬಾದಿಗೆ ಹೋದದ್ದು. ಬೀದರಿನ ವಿಮಾನ ನೆಲೆಯ ಮೇಲೆ ಬಾಂಬು ಬಿದ್ದದ್ದೂ ಆ ದಿನಗಳಲ್ಲೇ. ಬಿತ್ತಿದ ತೊಗರಿ ಸೆಪ್ಟೆಂಬರಿಗೆ ಟೊಂಕದ ಮಟ್ಟ ಬರುವುದು ಇಲ್ಲಿನ ಯಾವ ರೈತನಿಗೂ ಗೊತ್ತು. ಮುತ್ಯಾ ಸ್ವತಃ ಕೇಳಿದ್ದರೋ, ಕೇಳಿದವರಿಂದ ಕೇಳಿದ್ದರೋ, ದಿಕ್ಕು ಮತ್ತು ಹಂಗಾಮು ಎರಡೂ ಸರಿಯಾಗಿವೆ. ತಾರೀಖನ್ನು ನಾವು ಪತ್ರಿಕೆಯಿಂದ ತಂದು ಕೂಡಿಸಬಹುದು. ಟೊಂಕದ ಮಟ್ಟದ ತೊಗರಿಯನ್ನು ಯಾವ ಪತ್ರಿಕೆಯಿಂದಲೂ ತರಲಾಗದು.

1956ರ ನವೆಂಬರ್ 1ರ ಮಾತೂ ಹೀಗೇ. ಅಂದಿನ ಪತ್ರಿಕೆಗಳಲ್ಲಿ ಏಕೀಕರಣದ ಸಂಭ್ರಮ. ಆ ದಿನ ಕಲಬುರಗಿ ಮೈಸೂರು ರಾಜ್ಯ ಸೇರಿತು. ಇದೇ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರಕ್ಕೆ ಹೋದವು. ಕಮಲಾಪುರದ ಕಟ್ಟೆಯವರಿಗೆ ನೆನಪಿರುವುದು ಬೀಗರ ಊರು ಬೇರೆ ರಾಜ್ಯವಾದದ್ದು, ಕೋರ್ಟು ಕಚೇರಿಗೆ ಇನ್ನೂರು ಚಿಲ್ಲರೆ ಕಿಲೋಮೀಟರಿನ ಹೈದರಾಬಾದ್ ಬಿಟ್ಟು ಆರುನೂರರ ಹತ್ತಿರದ ಬೆಂಗಳೂರಿಗೆ ಹೋಗಬೇಕಾಗಿ ಬಂದದ್ದು. ಆ ದೂರದ ಅಳಲು 2008ರಲ್ಲಿ ಹೈಕೋರ್ಟ್ ಪೀಠ ಕಲಬುರಗಿಗೆ ಬರುವವರೆಗೂ ಪತ್ರಿಕೆಗಳಲ್ಲಿ ಮನವಿ, ಧರಣಿ, ಬಂದ್ ಆಗಿ ಕಾಣಿಸುತ್ತಲೇ ಇತ್ತು.

ಹೆಣ್ಣುಮಕ್ಕಳ ಮಾತಿಗೆ ಹೊಸ್ತಿಲ ಒಳಗೆ ಹೋಗಬೇಕು. ಒಬ್ಬ ಆಯಿ ಶೇಂಗಾ ಸುಲಿಯುತ್ತಾ 1972ರ ಬರದ ವಿಷಯ ತೆಗೆದರು. ಆ ವರ್ಷದ ಸುದ್ದಿಯನ್ನು ನಾನು ಓದಿದ್ದೆ: ಮಂತ್ರಿಗಳ ಪ್ರವಾಸ, ಪರಿಹಾರ ಕಾಮಗಾರಿ, ಹೊರದೇಶದಿಂದ ಬಂದ ಕೆಂಪು ಜೋಳ. ಆಯಿ ಹೇಳಿದ್ದು: "ಕೂಸಿನ ಗಿಡಕ್ಕ ಜೋಳಗಿ ಕಟ್ಟಿ ತೂಗಿ ಕಲ್ಲ ಒಡದೀವಿ ಯಪ್ಪಾ. ಆ ಕೆಂಪ ಜ್ವಾಳದ ರೊಟ್ಟಿ ತಟ್ಟಿದ್ರ ಹರಿದು ಹೋಗ್ತಿತ್ತು. ಈಗ ನೀ ಬಂದಿ ನೋಡು, ಆ ಹಾದಿಗಿ ಹಾಕಿದ್ದು ನಾವು ಒಡದ ಕಲ್ಲ." ಕಾಮಗಾರಿ ಎಂದು ಅಚ್ಚಾದ ಒಂದು ಪದದ ಹಿಂದೆ ಎಷ್ಟು ಕೈಗಳಿದ್ದವು ಎಂಬ ಪಟ್ಟಿ ಯಾವ ಹಾಳೆಯಲ್ಲೂ ಇಲ್ಲ. ಆ ಕಲ್ಲು ಒಡೆದವರಲ್ಲಿ ಇನ್ನೂ ಬದುಕಿರುವವರಷ್ಟೇ ಹೇಳಬಲ್ಲರು, ಅವರಿಗೂ ಈಗ ಎಪ್ಪತ್ತು ದಾಟಿದೆ.

ಇಲ್ಲಿ ಮತ್ತೆ ಐರ್ಲೆಂಡಿನಿಂದ ಕಲಿಯುವುದೊಂದಿದೆ. 1937ರಿಂದ 1939ರವರೆಗೆ ಅಲ್ಲಿನ ಜಾನಪದ ಆಯೋಗ ಪ್ರಾಥಮಿಕ ಶಾಲೆಗಳ ಮೇಲಿನ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿತು. ಮನೆಯ ಅಜ್ಜ, ಅಜ್ಜಿ, ನೆರೆಯ ಹಿರಿಯರನ್ನು ಕೇಳಿ ಊರಿನ ಬಾವಿ, ಜಾತ್ರೆ, ಬರ, ಆಟ, ಮದ್ದು, ಹಳೆಯ ದಾರಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು; ಯಾರು ಹೇಳಿದ್ದು ಎಂಬುದೂ ಇರಬೇಕು. ಸುಮಾರು 5,000 ಶಾಲೆಗಳ 50,000ಕ್ಕೂ ಹೆಚ್ಚು ಮಕ್ಕಳು ಬರೆದರು. ಲಕ್ಷಾಂತರ ಪುಟಗಳಾದವು. ಇಂದು ಆ ಪುಟಗಳನ್ನು ಮನೆಯಲ್ಲೇ ಕೂತು ಗಣಕಯಂತ್ರದಲ್ಲಿ ಓದಬಹುದು. ಪಂಡಿತರ ತಂಡ ಕಟ್ಟಿ ಊರೂರಿಗೆ ಕಳಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಕಮಲಾಪುರದಂಥ ಹೊಸ ತಾಲೂಕಿಗೆ ತನ್ನದೇ ಗೆಜೆಟಿಯರ್ ಬರುವ ತನಕ ಕಾಯಬೇಕಿಲ್ಲ. ಪ್ರೌಢಶಾಲೆಯ ಮಕ್ಕಳಿಗೆ ಒಂದೊಂದು ನೋಟ್‌ಬುಕ್ಕು ಸಾಕು. ಹೇಳಿದವರ ಹೆಸರು, ವಯಸ್ಸು, ಓಣಿ ಮೇಲ್ಗಡೆ; ಅವರು ಆಡಿದ ಮಾತು ಆಡಿದ ಹಾಗೇ ಕೆಳಗೆ. ಒಂದೇ ಸಂಗತಿಯನ್ನು ಎರಡು ಓಣಿಯಲ್ಲಿ ಕೇಳಬೇಕು. ಜಗಳ ಬಂದರೆ ಎರಡನ್ನೂ ಬರೆಯಬೇಕು. ಇತ್ತ ಕಲಬುರಗಿಯಲ್ಲಿ, ಗ್ರಂಥಾಲಯದ ಆ ಪುಡಿಯಾಗುವ ಸಂಪುಟಗಳ ಪುಟಗಳನ್ನು ಚಿತ್ರ ತೆಗೆದು ಉಳಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು. ಕಾಲೇಜುಗಳು ಉರ್ದು ಮತ್ತು ಮೋಡಿ ಓದಬಲ್ಲ ಹತ್ತು ಹುಡುಗ ಹುಡುಗಿಯರನ್ನಾದರೂ ತಯಾರು ಮಾಡಬೇಕು. ಅಭಿವೃದ್ಧಿಗೆಂದು ಜಿಲ್ಲೆಗೆ ಬಂದ ವಿಶೇಷ ಅನುದಾನದಲ್ಲಿ ಇದಕ್ಕೆ ತಗಲುವುದು ಬಹಳ ಸಣ್ಣ ಪಾಲು.

ಓದುಗರಿಗೂ ಒಂದು ಮಾತು. ನಿಮ್ಮ ಮನೆಯ ಮಾಡದಲ್ಲಿ, ಟ್ರಂಕಿನಲ್ಲಿ ಹಳೆಯ ಪತ್ರಿಕೆಯ ಕಟ್ಟು, ಫಸಲಿ ಹಾಕಿದ ರಸೀದಿ, ಖಾಸ್ರಾ ಪಹಣಿಯ ನಕಲು ಇದ್ದರೆ ರದ್ದಿಯವನಿಗೆ ಹಾಕುವ ಮೊದಲು ಮನೆಯ ಹಿರಿಯರ ಮುಂದೆ ಬಿಚ್ಚಿಡಿ. ಅವರು ಹೇಳುವುದನ್ನು ಅದೇ ದಿನ ಬರೆದುಕೊಳ್ಳಿ. ಕಾಗದ ಇನ್ನೂ ಹತ್ತು ವರ್ಷ ತಡೆದೀತು. ಹೇಳುವವರು ತಡೆಯುವುದಿಲ್ಲ.